ಎರಡೂ ಒಂದೇ ಥರದ್ದು ಕೊಡಪ್ಪ

ಇಬ್ಬರು ಸೊಸೆಯರಿರುವ ಮನೆಯಲ್ಲಿ ಅತ್ತೆಯಾದವಳಿಗೆ ನೆಮ್ಮದಿಯಾಗಿ ಸಾಯುವುದಕ್ಕೂ ಆಗುವುದಿಲ್ಲ. ಬಾಯಿಗೆ ಮೊದಲು ನೀರು ಬಿಟ್ಟವಳು ಯಾರು ಎಂದು ಹೆಣ ಎತ್ತುವ ಮುಂಚೆಯೇ ಮಾತು ಬೆಳೆಯುತ್ತದೆ. ಅದಕ್ಕೇ ನಾನು ಒಂದು ಕಟ್ಟಳೆ ಮಾಡಿಕೊಂಡಿದ್ದೆ. ಏನು ತಂದರೂ ಎರಡು ತರುವುದು, ಎರಡೂ ಒಂದೇ ಥರದ್ದು. ಸೀರೆಯಾದರೆ ಅದೇ ಬಣ್ಣ, ಅದೇ ಅಂಚು. ಚೊಂಬಾದರೆ ಅದೇ ತೂಕ. ಮದುವೆ ಮನೆಗಳಲ್ಲಿ ನಮ್ಮ ನೆಂಟರು, "ಏನಜ್ಜಿ, ಸೊಸೇರ್ನ ಬ್ಯಾಂಡ್‌ಸೆಟ್ಟಿನವರ ಥರ ಉಡ್ಸಿದೀಯ" ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಹಾಗೆ ಆಡಿಕೊಂಡವರ ಮನೆಯಲ್ಲಿ ಒಲೆ ಎರಡಾಗಿದೆ. ನಮ್ಮಲ್ಲಿ ಇನ್ನೂ ಒಂದೇ.

ದೊಡ್ಡ ಮಗ ತೀರಿಕೊಂಡ ಮೇಲೆ ಈ ಕಟ್ಟಳೆಯನ್ನು ಇನ್ನೂ ಬಿಗಿ ಮಾಡಿದೆ. ಅವನ ವಿಷಯ ಇಲ್ಲಿ ಬರೆಯುವುದಿಲ್ಲ, ಬರೆದರೆ ಬರುತ್ತಾನೆಯೇ? ಅವನ ಹೆಂಡತಿ ಗಿರಿಜ ಮೈದುನನ ಅನ್ನ ತಿನ್ನುತ್ತಿದ್ದಾಳೆ ಎಂದು ಯಾರೂ ಅನ್ನಬಾರದು, ಅವಳಿಗೂ ಹಾಗೆ ಅನ್ನಿಸಬಾರದು ಎಂದು ನನ್ನ ಹಟ. ಅವಳದೂ ಹಟವೇ. ಗುಬ್ಬಿಯಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಿಕೊಂಡು, ಮರಳೂರಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಕುಣಿಗಲ್ಲಿನ ಒಂದು ಹಾಸ್ಟೆಲಿಗೆ ವರ್ಷಪೂರ್ತಿ ರಾಗಿಹಿಟ್ಟು ಒದಗಿಸಲು ಟೆಂಡರು ಕರೆದಿದ್ದಾರೆ ಎಂದು ತಿಳಿದಾಗ ಸಿ.ಎಸ್. ಪುರಕ್ಕೆ ಹೋಗಿ ರಾಗಿ ಬೆಳೆಯುವವರ ಹತ್ತಿರವೆಲ್ಲ ಮಾತಾಡಿ ಬಂದಳು. "ಇದೊಂದು ಸಿಕ್ಕಿದ್ರೆ ಅತ್ತೆ, ನಾನು ಯಾರ್ ಮುಖಾನೂ ನೋಡ್ಬೇಕಾಗಿಲ್ಲ" ಎಂದಳು. ಯಾರ ಮುಖ ಎಂದು ನಾನು ಕೇಳಲಿಲ್ಲ.

ಈಗಿನ ಟೆಂಡರಿಗೆ ಕಾಗದದ ಮೇಲೆ ರುಜು ಹಾಕುವ ಹಾಗಿಲ್ಲ. ಚಿನ್ನದ ಚುಕ್ಕಿ ಇರುವ ಒಂದು ಕಾರ್ಡು ಕೊಡುತ್ತಾರೆ. ಅದನ್ನು ಒಂದು ಕರಿ ಡಬ್ಬಿಗೆ ತೂರಿಸಿ, ಡಬ್ಬಿಯ ಬಾಲವನ್ನು ಕಂಪ್ಯೂಟರಿಗೆ ಚುಚ್ಚಿ, ಗುಟ್ಟಿನ ನಂಬರು ಒತ್ತಿದರೆ ಅದೇ ರುಜು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಹೆಬ್ಬೆಟ್ಟು ಒತ್ತುವುದು ನಾಚಿಕೆ ಎಂದು ಬೈದು ಬೈದು ರುಜು ಕಲಿಸಿದ್ದರು. ಈಗ ಓದಿದವರೆಲ್ಲ ರುಜು ಬಿಟ್ಟು ಡಬ್ಬಿ ಹಿಡಿದಿದ್ದಾರೆ.

ಅಂಥದೇ ಇನ್ನೊಂದು ಕಾರ್ಡು ಕಿರಿಸೊಸೆ ಸವಿತಾಳ ಹತ್ತಿರವೂ ಇದೆ. ಅವಳು ಬೆಂಗಳೂರಿನ ಒಂದು ಕಂಪನಿಯ ಲೆಕ್ಕವನ್ನು ಮನೆಯಲ್ಲೇ ಕೂತು ನೋಡುತ್ತಾಳೆ. ಮನೆಯಲ್ಲಿರುವುದು ಒಂದೇ ಕಂಪ್ಯೂಟರು. ಕಂಪನಿಯವರು ಅದರ ಹೊಟ್ಟೆಯೊಳಗೆ ತಮ್ಮದೊಂದು ಕಂಪ್ಯೂಟರನ್ನು ಕೂರಿಸಿದ್ದಾರೆ. ವರ್ಚುವಲ್ ಮಷೀನ್ ಎಂದು ಹೆಸರಂತೆ. ನನಗೆ ಅರ್ಥವಾದದ್ದು ಕೊಬ್ಬರಿಯಿಂದ. ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಟಲೊಟ ಅನ್ನುತ್ತದಲ್ಲ, ಹಾಗೆ. ಚಿಪ್ಪಿನೊಳಗೇ ಇದೆ, ಚಿಪ್ಪಿಗೆ ಅಂಟಿಕೊಂಡಿಲ್ಲ. ಸವಿತಾಳ ಕೆಲಸ ಗಿಟುಕಿನಲ್ಲಿ, ಗಿರಿಜಳ ಕೆಲಸ ಚಿಪ್ಪಿನಲ್ಲಿ. ಹೀಗೆ ಹೇಳಿದಾಗ ಸವಿತಾಳ ಗಂಡ, ನನ್ನ ಕಿರಿಮಗ ಮಹೇಶ, "ಅವ್ವ, ಸರಿಯಾಗೇ ಹೇಳ್ದೆ" ಎಂದ. ಅವನು ನನ್ನ ಮಾತನ್ನು ಒಪ್ಪಿದ್ದು ಅದೊಂದೇ ಸಲ.

ತೊಂದರೆ ಡಬ್ಬಿಯದು. ಮೊದಲು ಒಂದೇ ಇತ್ತು. ಸವಿತಾ ದಿನಾ ಒಳಗಿನ ಕಂಪ್ಯೂಟರಿಗೆ ಡಬ್ಬಿಯನ್ನು ಕೈಯಾರೆ ಒಪ್ಪಿಸಬೇಕಾಗುತ್ತದೆ ಎಂದು ಮಹೇಶ ಅದಕ್ಕೊಂದು ಅಪ್ಪಣೆ ಬರೆದಿಟ್ಟಿದ್ದ: ಈ ಥರದ ಡಬ್ಬಿ ಕಂಡರೆ ತಾನಾಗಿ ಒಳಕ್ಕೆ ಎಳೆದುಕೋ. ಎಳೆದುಕೊಂಡಿತೋ, ಹೊರಗಿನದಕ್ಕೆ ಕಾಣುವುದಿಲ್ಲ. ಸವಿತಾ ರಾತ್ರಿ ಊಟಕ್ಕೆ ಎದ್ದ ಹೊತ್ತಿನಲ್ಲಿ ಗಿರಿಜ ಕೂತು ತನ್ನ ಕಾರ್ಡು ತೂರಿಸಿದರೆ, ಡಬ್ಬಿಯೇ ಇಲ್ಲ ಎನ್ನುತ್ತಿತ್ತು. ಡಬ್ಬಿ ಮೂಗಿನ ಮುಂದೆ ಇದೆ, ದೀಪ ಬೇರೆ ಉರಿಯುತ್ತಿದೆ! "ಇರಕ್ಕ, ಒಳಗಿಂದ ಬಿಡ್ಸಿ ಕೊಡ್ತೀನಿ" ಎಂದು ಸವಿತಾ ಅನ್ನದ ಕೈ ತೊಳೆದು ಬರಬೇಕು. ಎರಡು ದಿನ ಬಂದಳು. ಮೂರನೇ ದಿನ, "ಊಟ ಮಾಡಕ್ಕೂ ಬುಡಲ್ಲ" ಎಂದು ತಟ್ಟೆಯ ಜೊತೆ ಮಾತಾಡಿದಳು. ತಟ್ಟೆಯ ಜೊತೆ ಆಡಿದ ಮಾತು ಯಾರಿಗೆ ಎಂದು ಎಲ್ಲ ಮನೆಗಳಲ್ಲೂ ಗೊತ್ತಿರುತ್ತದೆ.

ಒಲೆ ಎರಡಾಗುವ ದಾರಿ ಇದೇ ಎಂದು ನಾನು ಆ ಕರಿ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತುಮಕೂರು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯವನು ಬೇರೆ ಕಂಪನಿಯದೊಂದು ಬಿಳಿಯದನ್ನು ಮುಂದಿಟ್ಟ.

"ಇದು ತಗಳಜ್ಜಿ, ಹೊಸದಾಗಿ ಬಂದೈತೆ."

"ಬೇಡ. ಇದರ ಥರದ್ದೇ ಕೊಡಪ್ಪ."

"ಎರಡೂ ಮಾಡೋ ಕೆಲ್ಸ ಒಂದೇ ಕಣಜ್ಜಿ."

"ಕೆಲ್ಸ ಕಟ್ಕೊಂಡು ಏನಾಗ್ಬೇಕು? ನೋಡಕ್ಕೆ ಒಂದೇ ಥರ ಇರ್ಬೇಕು. ಇಬ್ರು ಸೊಸೇರವ್ರೆ ನಮ್ಮನೇಲಿ."

ಅವನು ಬೇರೇನೂ ಕೇಳದೆ ಕರಿಯದನ್ನೇ ಹುಡುಕಿ ಕೊಟ್ಟ. ಅವನ ಮನೆಯಲ್ಲೂ ಇಬ್ಬರಿರಬೇಕು.

ಮಾರನೇ ದಿನವೇ ಟೆಂಡರಿಗೆ ಕೊನೆ ದಿನ. ಬೆಳಿಗ್ಗೆ ಗಿರಿಜ ಹೊಸ ಡಬ್ಬಿಗೆ ಕಾರ್ಡು ತೂರಿಸಿ ಕೂತಳು. ಒಳಗಿನ ಕಂಪ್ಯೂಟರು ಇನ್ನೂ ಎದ್ದಿರಲಿಲ್ಲ, ಎಲ್ಲ ಸಲೀಸಾಗಿ ನಡೆಯಿತು. ಗಿರಣಿಯ ಲೈಸೆನ್ಸಿನದೊಂದು ಕಾಗದ ಮಾತ್ರ ಗುಬ್ಬಿಯಲ್ಲಿ ಉಳಿದಿತ್ತು. ಅದನ್ನು ಸೇರಿಸಿ ಕೊನೆಯ ರುಜು ಒತ್ತಿದರೆ ಮುಗಿಯಿತು. "ಕಾರ್ಡ್ ಹಂಗೇ ಇರ್ಲಿ ಅತ್ತೆ, ಬಂದು ಒತ್ತುಬುಡ್ತೀನಿ" ಎಂದು ಬಸ್ಸಿಗೆ ಓಡಿದಳು.

ಮಧ್ಯಾಹ್ನ ಸವಿತಾ ತನ್ನ ಕೆಲಸಕ್ಕೆ ಕೂತಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ.

"ಏನೇ ಗೊಣಗ್ತಿದೀಯ?"

"ನಂಬರ್ ತಪ್ಪು ಅಂತೈತೆ ಅತ್ತೆ. ದಿನಾ ಒತ್ತೋ ನಂಬರೇ. ಎರಡು ಸಲ ಒತ್ತಿದೆ."

"ಉಗುರು ನೋಡು ಅಷ್ಟುದ್ದ ಬಿಟ್ಟಿದೀಯ. ಒಂದೊತ್ತಕ್ಕೋಗಿ ಎರಡೊತ್ತಿರ್ತೀಯ. ನಿಧಾನಕ್ಕೆ ಒತ್ತು."

ಅವಳು ನನ್ನ ಮಾತು ಕೇಳುವುದು ಅಪರೂಪ. ಅವತ್ತು ಕೇಳಿದಳು, ನಿಧಾನಕ್ಕೆ ಒತ್ತಿದಳು. ಕಾರ್ಡಿಗೆ ಬೀಗ ಬಿತ್ತು. ಮೂರು ಸಲ ತಪ್ಪಿದರೆ ಕಳ್ಳರು ಎಂದು ತಿಳಿದು ಅದು ಬಾಯಿ ಮುಚ್ಚಿಕೊಳ್ಳುತ್ತದಂತೆ.

ಅವಳು ಗಾಬರಿಯಾಗಿ ಮಹೇಶನಿಗೆ ಫೋನು ಮಾಡಿದಳು. ಅವನು ಕೇಳಿದ್ದು ಒಂದೇ ಮಾತು: "ಅತ್ತಿಗೆ ಅವ್ರ ಕಾರ್ಡ್ ಹಾಕೇ ಹೋಗವ್ರಾ?" ಸವಿತಾ ಹೊಸ ಡಬ್ಬಿಯನ್ನು ತಿರುಗಿಸಿ ನೋಡಿದಳು; ಕಾರ್ಡು ಅದರಲ್ಲೇ ಇತ್ತು. ಫೋನಿನಲ್ಲಿ ಅವನ ದನಿ ನನಗೂ ಕೇಳುತ್ತಿತ್ತು. "ಎರಡು ಡಬ್ಬಿನೂ ಒಳಕ್ಕೆ ಎಳ್ಕಂಡೈತೆ. ಯಾವುದು ಯಾರದು ಅಂತ ಅದಕ್ಕೇನು ಗೊತ್ತು? ಎರಡೂ ಒಂದೇ ಕಂಪನಿದು, ಒಂದೇ ಹೆಸರು. ನೀನು ನಿನ್ ನಂಬರ್ನ ಅತ್ತಿಗೆ ಕಾರ್ಡಿಗೆ ಒತ್ತಿದೀಯ. ಯಾರೇ ಇದೇ ಥರದ್ದು ತಂದಿದ್ದು?" ಸವಿತಾ ನನ್ನ ಕಡೆ ನೋಡಿದಳು. ನಾನು ಅವರೆಕಾಯಿ ಕಡೆ ನೋಡಿದೆ.

ಗಿರಿಜ ಕಾಗದವನ್ನು ಎದೆಗೆ ಅವುಚಿಕೊಂಡು ಬಂದಳು. ಸವಿತಾ ಬಾಗಿಲಲ್ಲೇ ಅಳಲು ಶುರು ಮಾಡಿದಳು. "ನಂದೇ ಅನ್ಕಂಡೆ ಕಣಕ್ಕ, ದೇವ್ರಾಣೆಗೂ ನಂದೇ ಅನ್ಕಂಡೆ." ಗಿರಿಜ ಕಾರ್ಡು ಮಾಡಿಕೊಟ್ಟವನಿಗೆ ಫೋನು ಮಾಡಿದಳು. ಹೊಸದೇ ಮಾಡಿಸಬೇಕು, ಇವತ್ತಿಗೆ ಆಗುವುದಿಲ್ಲ ಎಂದ. ಸಂಜೆಯಾಯಿತು, ಟೆಂಡರು ಮುಚ್ಚಿತು. ಕುಣಿಗಲ್ಲಿನ ಮಕ್ಕಳು ಈ ವರ್ಷ ಇನ್ಯಾರದೋ ಗಿರಣಿಯ ಮುದ್ದೆ ತಿನ್ನುತ್ತಾರೆ.

ಗಿರಿಜ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು; ತಿರುಗಿ ಬೈಯುವುದು ನನಗೆ ಚೆನ್ನಾಗಿ ಬರುತ್ತದೆ. ಊಟಕ್ಕೆ ಕರೆದಾಗ ಬಂದು ಕೂತು, ತಟ್ಟೆ ನೋಡುತ್ತಾ ಹೇಳಿದಳು: "ಇನ್ಮೇಲೆ ಒಂದೇ ಥರದ್ದು ಬೇಡ ಅತ್ತೆ. ನೋಡಿದ ತಕ್ಷಣ ನಂದು ಅಂತ ಗೊತ್ತಾಗೋದು ಒಂದಾದ್ರೂ ಇರ್ಲಿ ನಂಗೆ." ಇದು ಡಬ್ಬಿಯ ಮಾತು ಮಾತ್ರವಲ್ಲ ಎಂದು ತಿಳಿಯುವಷ್ಟು ಬುದ್ಧಿ ನನಗಿದೆ. ಅವಳು ಗಂಡನಿರುವವಳ ಸಮಕ್ಕೆ ಇರಲಿ ಎಂದು ನಾನು ಕೊಡುತ್ತಾ ಬಂದೆ. ಅವಳಿಗೆ ಬೇಕಾಗಿದ್ದದ್ದು ಯಾರ ಸಮವೂ ಅಲ್ಲ. ಕೊಡುವವರು ಕೇಳಿ ಕೊಡಬೇಕು ಎಂಬುದು ನಮ್ಮ ಕಾಲದಲ್ಲಿ ಇರಲಿಲ್ಲ. ಹುಳಿ ತಣ್ಣಗಾಯಿತು. ಬಿಸಿ ಮಾಡಿ ಬಡಿಸಿದೆ, ಅಷ್ಟೆ.

ಆಮೇಲೊಂದು ಭಾನುವಾರ ಗಿರಿಜ, ಸವಿತಾ ಇಬ್ಬರೂ ಮಹೇಶನ ಜೊತೆ ಪೇಟೆಗೆ ಹೋದರು. ನನಗೆ ಹೇಳಲಿಲ್ಲ. ಬರುವಾಗ ಆ ಬಿಳಿ ಡಬ್ಬಿ ತಂದರು. ಕಂಪನಿ ಬೇರೆಯಾದ್ದರಿಂದ ಕರಿಯದು ಒಳಕ್ಕೆ, ಬಿಳಿಯದು ಹೊರಕ್ಕೆ, ಎರಡಕ್ಕೂ ಜಗಳವಿಲ್ಲ. ಗಿರಿಜ ಹೊಸ ಕಾರ್ಡು ಹಾಕಿಕೊಂಡು ಗುಬ್ಬಿಯ ಕಡೆಯದೇ ಯಾವುದೋ ಚಿಕ್ಕ ಟೆಂಡರು ಹುಡುಕುತ್ತಿದ್ದಾಳೆ. ಸಿಗುವುದು ಕಷ್ಟ, ನನಗೇನೂ ನಂಬಿಕೆಯಿಲ್ಲ. ಸವಿತಾ ಅವಳ ಪಕ್ಕ ಕೂತು ಇಂಗ್ಲಿಷು ಓದಿ ಹೇಳುತ್ತಾಳೆ. ಇಬ್ಬರೂ ಏನೋ ಪಿಸುಗುಟ್ಟಿ ನಗುತ್ತಾರೆ, ನಾನು ಒಳಗೆ ಬಂದರೆ ನಿಲ್ಲಿಸುತ್ತಾರೆ.

"ಯಾಕ್ಲಾ ನನ್ನ ಅಂಗಡಿಗೆ ಕರೀಲಿಲ್ಲ?" ಎಂದು ಮಹೇಶನನ್ನು ಕೇಳಿದೆ.

"ನೀನು ಬಂದಿದ್ರೆ ಬಿಳೀದೂ ಎರಡು ತರ್ಸಿರ್ತಿದ್ದೆ, ಬುಡವ್ವ" ಎಂದ.

ಗಿರಿಜಳಿಗೆ ಹೊಸದು ಬಂತು, ಪಾಪ ಸವಿತಾ ಮಾತ್ರ ಹಳೆಯ ಕರಿ ಡಬ್ಬಿಯಲ್ಲೇ ಇದ್ದಾಳಲ್ಲ ಎಂಬ ಯೋಚನೆ ನನಗೆ ಆಗಲೇ ಹತ್ತಿತ್ತು.