ಸಮುದ್ರ ತುಂಬುವ ತನಕ

ಆಗ ನನಗೆ ಅರವತ್ತಾರು. ಈ ಮಾತಿಗೆ ಈಗ ಮೂರು ವರ್ಷವಾಯಿತು. ಸಮುದ್ರದ ದಡದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಇದು ತುಂಬಿಲ್ಲ" ಎಂದು ಸಮುದ್ರದ ಮುಖಕ್ಕೇ ಹೇಳಿದ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ ಇದ್ದಾಳೆ. ಅವಳು ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರಿಗೂ ಒಂದೇ ಹಿತ್ತಲು, ಒಂದೇ ಒರಳು, ಒಂದೇ ಜಗಳ. ಇಂಥವಳ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಯಾರಾದರೂ ನನಗೆ ಶಾಲು ಹೊದಿಸಬೇಕಿತ್ತು. ಹೊದಿಸಲಿಲ್ಲ. ಹೋಗಲಿ.

ಅವಳಿಗಿರುವ ಹುಚ್ಚು ಒಂದೇ, ನೀರಿನದು. ನೀರು ಕುಡಿಯುವ ಹುಚ್ಚಲ್ಲ, ಎಷ್ಟಿದೆ ಎಂದು ನೋಡುವ ಹುಚ್ಚು. ಯಾರ ಮನೆಗೆ ಹೋದರೂ ಮೊದಲು ಹಂಡೆಯೊಳಗೆ ಬಗ್ಗಿ ನೋಡುತ್ತಾಳೆ, ಆಮೇಲೆ ಮನೆಯವರ ಮುಖ ನೋಡುತ್ತಾಳೆ. ನನ್ನ ಮಗಳಿಗೆ ಹೊಳಲ್ಕೆರೆ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಚೆನ್ನಾಗಿದ್ದ, ಮನೆಯವರೂ ಒಳ್ಳೆಯವರು. ಇವಳು ಕೈತೊಳೆಯುತ್ತೇನೆಂದು ಬಚ್ಚಲಿಗೆ ಹೋಗಿ ಬಂದವಳೇ ನನ್ನ ಕಿವಿಯಲ್ಲಿ, "ಅರ್ಧ ಹಂಡೆ ಕಣೇ. ನೆಂಟರು ಬರ್ತಾರೆ ಅಂತ ಗೊತ್ತಿದ್ದೂ ಅರ್ಧ ಹಂಡೆ. ಏಳು, ಹೋಗಾಣ" ಎಂದಳು. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಸಂಬಂಧವೂ ಅಲ್ಲೇ ಉಳಿಯಿತು. ಕೊನೆಗೆ ಮಗಳನ್ನು ಮುಂಬೈಗೆ ಕೊಟ್ಟೆವು. ಅಲ್ಲಿ ಅಳಿಯನ ಮನೆಯ ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಒಂದು ಗಳಿಗೆ ಮಾತ್ರ! ಈಗ ಹೇಳಿ, ಯಾರಿಗೆ ಬೈಯಲಿ?

ನಮ್ಮೂರು ಮಾಡದಕೆರೆ ಹೋಬಳಿಯಲ್ಲಿದೆ. ಊರಿಗೊಂದು ಕೆರೆ. ಇವಳು ದಿನಾ ಬೆಳಿಗ್ಗೆ ಕೆರೆಗೆ ಹೋಗಿ ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಬರುತ್ತಾಳೆ. ಮರುದಿನ ಹೋಗಿ ನೀರು ಕಲ್ಲಿನಿಂದ ಎಷ್ಟು ಹಿಂದೆ ಸರಿದಿದೆ ಎಂದು ನೋಡುತ್ತಾಳೆ. ನೋಡಿ ಬಂದು ಓಣಿಯವರಿಗೆಲ್ಲ ಬೈಯುತ್ತಾಳೆ, ರಾತ್ರೋರಾತ್ರಿ ಅವರೇ ಹೋಗಿ ಕುಡಿದು ಬಂದರೇನೋ ಎಂಬಂತೆ.

ಕೆರೆ ತುಂಬಿ ಕೋಡಿ ಬಿದ್ದರೆ ಊರಿನ ಮುತ್ತೈದೆಯರು ನೀರಿಗೆ ಬಾಗಿನ ಬಿಡುವುದು ನಮ್ಮ ಪದ್ಧತಿ. ಒಂದು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಕಾಯಿ, ಅಕ್ಕಿ, ಬೇಳೆ, ಬೆಲ್ಲ, ಉಪ್ಪು ಎಲ್ಲ ಇಟ್ಟು, ಇನ್ನೊಂದು ಮೊರವನ್ನು ಮೇಲೆ ಮುಚ್ಚಿ, ತೇಲಿ ಬಿಡಬೇಕು. ಇಳಿದ ನೀರಿಗೆ ಕೊಡುವಂತಿಲ್ಲ. ತುಂಬಿದ ನೀರಿಗೇ ಕೊಡಬೇಕು. ಇವಳು ಮದುವೆಯಾದ ವರ್ಷವೇ ಒಂದು ಜೊತೆ ಮೊರ ತಂದು ಅಟ್ಟದ ಮೇಲಿಟ್ಟಳು. ಕೆರೆ ತುಂಬಲಿಲ್ಲ. ಮೊರ ಹಳತಾಯಿತು, ಹೊಸದು ತಂದಳು. ಆಗಲೂ ತುಂಬಲಿಲ್ಲ. ಹೀಗೇ ಕಾಯುತ್ತ ಕೂದಲು ಬೆಳ್ಳಗಾಯಿತು, ಬಾವ ತೀರಿಕೊಂಡರು. ಅವರು ಹೋದ ಮರು ಮಳೆಗಾಲಕ್ಕೆ ಕೆರೆ ತುಂಬಿ ಕೋಡಿ ಹರಿಯಿತು! ನೀರಿಗಾದರೂ ಒಂದು ನಾಚಿಕೆ ಬೇಡವೇ?

ಅವತ್ತು ಊರಿನ ಹೆಂಗಸರೆಲ್ಲ ಮೊರ ಹಿಡಿದು ಹೋದೆವು. ಇವಳೂ ಬಂದಳು. ಹಿರಿಯಳೊಬ್ಬಳು, "ನೀನು ಏರಿ ಮೇಲೆ ನಿಂತ್ಕಳವ್ವ, ಹಿಂದೆ" ಎಂದಳು. ಇವಳು ಹೋಗಿ ನಿಂತಳು. ಓಣಿಗೆಲ್ಲ ಬೈಯುವ ಬಾಯಿ ಅವತ್ತು ಒಂದು ಮಾತು ಆಡಲಿಲ್ಲ.

ಆಡಲಿಲ್ಲವಲ್ಲ, ಮುಗಿಯಿತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು! ಒಂದು ವಾರ ಬಿಟ್ಟು ನಾನು ಸೊಪ್ಪು ಸೋಸುತ್ತಿದ್ದಾಗ ಬಂದು ಎದುರಿಗೆ ಕುಂತಳು. "ಲೇ, ಸಮುದ್ರ ಯಾವಾಗ್ಲೂ ತುಂಬಿರ್ತದಂತೆ, ಹೌದಾ?"

ಇರಬಹುದು ಎಂದೆ.

"ನಿನ್ನ ಮಗಳ ಊರಾಗೆ ಸಮುದ್ರ ಐತಲ್ಲ. ಅಲ್ಲಿ ಬಾಗಿನ ಕೊಡಾಣ. ನಾನು ಕೊಡಂಗಿಲ್ಲ, ನಂಗೊತ್ತು. ನಿನ್ನ ಗಂಡ ಬದುಕವ್ನಲ್ಲ, ನೀನು ಬಿಡು. ಸಾಮಾನು ನಂದು, ಕೈ ನಿಂದು."

ನನ್ನ ಗಂಡ ಬದುಕಿರುವುದು ಇವಳ ಕೆಲಸಕ್ಕೆ ಅನುಕೂಲವಾಗಲಿ ಎಂದೇ ಎನ್ನುವಂತಿತ್ತು ಆ ಮಾತು. ಆಗಲ್ಲ ಎಂದೆ. ಮಂಡಿ ನೋವು ಎಂದೆ. ಎಮ್ಮೆ ಕರು ಹಾಕುವುದಿದೆ ಎಂದೆ. ನನ್ನ ಗಂಡ ಆ ಕಡೆಯಿಂದ, ಎಮ್ಮೆ ನಾನು ನೋಡಿಕೊಳ್ಳುತ್ತೇನೆ ಹೋಗಿ ಬಾ ಎಂದ. ಬೇಡದ ಕಡೆ ಬಾಯಿ ಹಾಕುವುದರಲ್ಲಿ ಅವನದು ಎತ್ತಿದ ಕೈ.

ಹಿರಿಯೂರಿನಲ್ಲಿ ಮಲಗುವ ಬಸ್ಸು ಹತ್ತಿದೆವು. ಐಮಂಗಲ ದಾಟುವಷ್ಟರಲ್ಲಿ ಇವಳು ಬುತ್ತಿ ಬಿಚ್ಚಿದ್ದಳು. ಮುಂಬೈ ತನಕ ಬರಬೇಕಾದ ರೊಟ್ಟಿ ಚಿತ್ರದುರ್ಗಕ್ಕೇ ಅರ್ಧವಾಯಿತು. ಮಲಗೋಣವೆಂದರೆ ಜಾಗವೆಲ್ಲಿ? ಬಾಗಿನದ ಮೊರ ಕಾಲಿನ ಕಡೆ ಇರಬಾರದಂತೆ, ನೆಲದ ಮೇಲಂತೂ ಇಡಲೇಬಾರದಂತೆ. ಅದು ದಿಂಬಿನ ಮೇಲೆ ರಾಣಿಯ ಹಾಗೆ ಮಲಗಿತು. ನಾನು ಕಾಲು ಮಡಚಿ, ಕತ್ತು ಮುರಿದುಕೊಂಡು, ಬಾಣಂತಿಯ ಮಂಚದ ಕೆಳಗಿನ ಬೆಕ್ಕಿನ ಹಾಗೆ ಮುದುಡಿಕೊಂಡೆ.

ಮಗಳು ಕೇಳಿ ತಲೆ ಚಚ್ಚಿಕೊಂಡಳು. ಇಲ್ಲಿ ದಡದಲ್ಲೆಲ್ಲ ಜನ, ಪೊಲೀಸರು, ಏನೂ ಹಾಕಲು ಬಿಡುವುದಿಲ್ಲ ಎಂದಳು. ಘಾರಾಪುರಿ ಎಂದೊಂದು ದ್ವೀಪವಿದೆ, ಗುಡ್ಡದಲ್ಲಿ ಕೊರೆದ ಶಿವನ ಗುಹೆಗಳಿವೆ, ದೋಣಿಯಲ್ಲಿ ಹೋಗಿ ಸಂಜೆಗೆ ಬರಬಹುದು, ಅಲ್ಲೇ ಎಲ್ಲಾದರೂ ಸಂದಿ ನೋಡಿ ಬಿಟ್ಟು ಬನ್ನಿ ಎಂದಳು. ಮೊರದಲ್ಲಿದ್ದ ಪ್ಲಾಸ್ಟಿಕ್ಕು ಒಂದೂ ಇರಬಾರದೆಂದು ಪೊಟ್ಟಣಗಳನ್ನೆಲ್ಲ ಬಿಚ್ಚಿಸಿ ಬಾಳೆ ಎಲೆಯಲ್ಲಿ ಕಟ್ಟಿಸಿದಳು. ಇವಳಿಗೆ ಶಿವ ಎಂದದ್ದೇ ಸಾಕಾಯಿತು, ಹಣೆಗೆ ಇನ್ನೊಂದು ಸಲ ವಿಭೂತಿ ಹಚ್ಚಿಕೊಂಡು ಹೊರಟಳು.

ದೋಣಿ ಹತ್ತುವ ಕಡೆ ಚೀಲಗಳನ್ನೆಲ್ಲ ತಪಾಸಣೆ ಮಾಡುತ್ತಿದ್ದರು. ಕಾವಲಿನವನು ಮೊರದ ಬಟ್ಟೆ ಬಿಚ್ಚಿದ. ಅವನಿಗೆ ಕನ್ನಡ ಬಾರದು, ಇವಳಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಇವಳು ಒಂದೊಂದನ್ನೇ ಎತ್ತಿ ತೋರಿಸಿ, ಇದು ಬಳೆಯಪ್ಪ, ಇದು ಬಾಚಣಿಗೆ, ಇದು ತೊಗರಿಬೇಳೆ, ನಮ್ಮ ಹೊಲದ್ದೇ, ಚೆನ್ನಾಗಿ ಬೇಯುತ್ತದೆ ಎಂದು ಹೇಳುತ್ತ ಹೋದಳು. ಹಿಂದೆ ಸಾಲು ಬೆಳೆಯಿತು. ಅವನು ಕುಂಕುಮದ ಪೊಟ್ಟಣ ಕಂಡವನೇ ಕೈಮುಗಿದು ಒಳಗೆ ಬಿಟ್ಟ. ಭಕ್ತಿಯಿಂದಲೋ, ಇವಳಿಂದ ಬಿಡಿಸಿಕೊಂಡರೆ ಸಾಕೆಂದೋ, ನನಗೆ ತಿಳಿಯದು.

ದೋಣಿಯಲ್ಲಿ ಜನ ಹಕ್ಕಿಗಳಿಗೆ ತಿಂಡಿ ಎಸೆಯುತ್ತಿದ್ದರು. ಇವಳು ಮೊರ ಬಿಚ್ಚಲು ಹೋದರೆ ದೋಣಿಯವನು ಬೆರಳು ಆಡಿಸಿದ. "ಹಕ್ಕಿಗೆ ಹಾಕಬೋದು, ಗಂಗಮ್ಮಂಗೆ ಹಾಕಬಾರ್ದಾ?" ಎಂದು ದೋಣಿಗೆಲ್ಲ ಕೇಳುವಂತೆ ನ್ಯಾಯ ತೆಗೆದಳು. ಅಷ್ಟರಲ್ಲಿ ಒಂದು ಅಲೆ ಬಡಿದು ಮುಖಕ್ಕೆ ನೀರು ಹಾರಿತು. ತುಟಿ ಸವರಿದಳು. ನಾಲಿಗೆ ಚಪ್ಪರಿಸಿದಳು. ನನ್ನನ್ನು ನೋಡಿದಳು. ಆಮೇಲೆ ಮೊರದೊಳಗೆ ಕೈ ಹಾಕಿ ಉಪ್ಪಿನ ಪೊಟ್ಟಣ ತೆಗೆದು ನನ್ನ ಮಡಿಲಿಗೆ ಹಾಕಿ, "ಈಯಮ್ಮಂಗೆ ಇದು ಬೇಕಾಗಿಲ್ಲ" ಎಂದಳು.

ದ್ವೀಪದಲ್ಲಿ ಇಳಿದೆವು. ಉದ್ದನೆಯ ಕಟ್ಟೆಯ ಎರಡೂ ಕಡೆ ನೋಡಿದರೆ ನೀರು ದೂರ ಸರಿದಿತ್ತು. ಬರೀ ಕೆಸರು. ಸಣ್ಣ ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು. ಕಟ್ಟೆಯ ಕಲ್ಲಿನ ಮೇಲೆ ಒದ್ದೆಯ ಗುರುತು ಆಳೆತ್ತರಕ್ಕಿತ್ತು. ಇವಳು ಅಲ್ಲೇ ನಿಂತು ಸೊಂಟಕ್ಕೆ ಕೈಯಿಟ್ಟದ್ದು. "ಇದು ತುಂಬಿಲ್ಲ. ಇಳಿದೈತೆ. ಇಳಿದ ನೀರಿಗೆ ನಾನು ಬಾಗಿನ ಕೊಡಲ್ಲ."

ಮಗಳು ಹೇಳಿದಳು, ದೊಡ್ಡವ್ವ, ಇದು ಸಮುದ್ರ, ಕೆರೆಯಲ್ಲ, ಇದಕ್ಕೆ ತುಂಬುವುದು ಬರಿದಾಗುವುದು ಇಲ್ಲ ಎಂದು. ನಾನು ಹೇಳಿದೆ, ಆ ಕಡೆ ಕಣ್ಣು ಹಾಯುವ ತನಕ ನೀರಿದೆಯಲ್ಲ, ಸಾಲದೇ ಎಂದು. ಇವಳು ಒದ್ದೆಯ ಗುರುತಿಗೆ ಬೆರಳು ತೋರಿಸಿದಳು, ಅಷ್ಟೇ. ಅಲ್ಲೇ ಎಳೆ ಸೌತೆಕಾಯಿ ಮಾರುತ್ತಿದ್ದ ಮೀನುಗಾರರ ಹೆಂಗಸೊಬ್ಬಳು ನಕ್ಕು ಮಗಳಿಗೆ ಏನೋ ಹೇಳಿದಳು. ನೀರು ಸಂಜೆಗೆ ವಾಪಸ್ಸು ಬರುತ್ತದಂತೆ. ಆಗ ತನ್ನ ದೋಣಿ ಕಟ್ಟುವ ಮೆಟ್ಟಿಲ ಹತ್ತಿರ ಬಿಡಿ, ನಾವೂ ಸಮುದ್ರಕ್ಕೆ ಕಾಯಿ ಕೊಡುವವರೇ ಎಂದಳಂತೆ. ತೀರಿತು! ಇವಳು ಇಳಿದು ಹೋಗಿ ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಬಂದಳು. ನಮ್ಮೂರಿನ ಕಲ್ಲು ಸಾಲದೆ ಮುಂಬೈಗೂ ಒಂದು ಕಲ್ಲು!

ಸಂಜೆ ತನಕ ಏನು ಮಾಡುವುದು? ಗುಡ್ಡ ಹತ್ತಿದೆವು. ಮೆಟ್ಟಿಲೋ ಮೆಟ್ಟಿಲು, ಎರಡೂ ಕಡೆ ಅಂಗಡಿ. ಮೊರ ನನ್ನ ತಲೆಯ ಮೇಲೆ, ಏಕೆಂದರೆ ಕೈ ನನ್ನದಲ್ಲವೇ. ಒಂದು ಕೋತಿ ಬಂದು ಇವಳ ಮಡಿಲಿಗೇ ಕೈಹಾಕಿ ಬಾಳೆಹಣ್ಣು ಕಿತ್ತುಕೊಂಡಿತು. ನಮ್ಮ ದುರ್ಗದ ಕೋಟೆಯಲ್ಲಿ ಕೋತಿಗಳಿಗೆ ಹೆದರದವಳು, ಆ ಕೋತಿಗೆ ಅದರ ಅಪ್ಪ ಅಜ್ಜಂದಿರನ್ನೆಲ್ಲ ಎತ್ತಿ ಬೈದಳು. ಕೋತಿ ಸಿಪ್ಪೆ ಸುಲಿಯುತ್ತ ಕೇಳಿಸಿಕೊಂಡಿತು.

ಗುಹೆಯೊಳಗೆ ಮೂರು ಮುಖದ ಶಿವ. ಆಳಿಗಿಂತ ಎಷ್ಟೋ ಎತ್ತರ, ಕಣ್ಣು ಮುಚ್ಚಿ ತನ್ನ ಪಾಡಿಗೆ ತಾನಿದ್ದಾನೆ. ನನಗೂ ಮೈ ಜುಮ್ಮೆಂದಿತು, ಸುಳ್ಳೇಕೆ. ಇವಳು ಮಾತ್ರ ಕಾವಲಿನವನನ್ನು ಹಿಡಿದುಕೊಂಡು, ಇಲ್ಲಿ ಪೂಜೆ ಯಾರದು, ದೀಪ ಎಲ್ಲಿ, ನಮ್ಮ ಕಡೆಯ ಹಾಲುರಾಮೇಶ್ವರದಲ್ಲಿ ಇದರ ಹೆಬ್ಬೆರಳಿನಷ್ಟಿರುವ ದೇವರಿಗೂ ದಿನಾ ಹೂವಿದೆ, ಇಷ್ಟು ದೊಡ್ಡವನಿಗೆ ಒಂದು ಪತ್ರೆ ಇಲ್ಲವೇ ಎಂದು ವಿಚಾರಣೆ ನಡೆಸಿದಳು. ವಿಭೂತಿ ಚೀಲ ಬಿಚ್ಚಿದಾಗ ಅವನು ಅಡ್ಡ ಬಂದ. ನಾನು ಸೆರಗು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಊರು ನೋಡಲು ಬಂದ ಜನ ನಮ್ಮಿಬ್ಬರ ಫೋಟೋ ತೆಗೆದುಕೊಂಡರು. ಶಿವನನ್ನು ಬಿಟ್ಟು!

ಮಧ್ಯಾಹ್ನ ಇಳಿದು ಬಂದು ಕಟ್ಟೆಯ ಮೇಲೆ ಕುಂತೆವು. ದೋಣಿಗಳು ಬರುತ್ತವೆ, ಜನರನ್ನು ತುಂಬಿಕೊಂಡು ಹೋಗುತ್ತವೆ. ನಾವು ಕುಂತಿದ್ದೇವೆ. ಮಗಳು ಗಡಿಯಾರ ನೋಡುತ್ತಾಳೆ, ನಾನು ಮಗಳನ್ನು ನೋಡುತ್ತೇನೆ, ಇವಳು ಕಲ್ಲು ನೋಡುತ್ತಾಳೆ. ಬಿಸಿಲಿಗೆ ನನ್ನ ತಲೆ ಕಾದು ಹೆಂಚಾಗಿತ್ತು. ಕಡೆಯ ದೋಣಿ ತಪ್ಪಿದರೆ ನಿನ್ನನ್ನು ಇಲ್ಲೇ ಆ ಕೋತಿಗೆ ಕೊಟ್ಟು ಹೋಗುತ್ತೇನೆ ಎಂದೆ. ಕೇಳಿಸಲಿಲ್ಲ ಅವಳಿಗೆ. ಕಲ್ಲು ಮುಳುಗಿತ್ತು.

ನೀರು ಬಂತು ನೋಡಿ! ಯಾರೂ ಕರೆಯದೆ, ಮೋಡವಿಲ್ಲದೆ, ಹನಿ ಮಳೆಯಿಲ್ಲದೆ ಏರಿ ಏರಿ ಬಂತು. ಬಿದ್ದಿದ್ದ ದೋಣಿಗಳು ಒಂದೊಂದೇ ಎದ್ದು ನಿಂತವು. ಒದ್ದೆಯ ಗುರುತಿನ ಹತ್ತಿರ ಹತ್ತಿರಕ್ಕೆ ಬಂತು. ಇವಳು ಬಾಯಿ ಬಿಟ್ಟುಕೊಂಡು ನೋಡಿದಳು. ಜೀವಮಾನವೆಲ್ಲ ಕಾದರೂ ನಮ್ಮ ಕೆರೆ ಅವಳಿಗೆ ಮಾಡಿಕೊಡದ್ದನ್ನು ಸಮುದ್ರ ಒಂದು ಮಧ್ಯಾಹ್ನದಲ್ಲಿ ಮಾಡಿತ್ತು.

ಕಡೆಯ ದೋಣಿ ಕೂಗಲು ಶುರು ಮಾಡಿತು. ಮಗಳು ದೋಣಿಯವನನ್ನು ತಡೆಯಲು ಓಡಿದಳು. ಸೌತೆಕಾಯಿಯವಳು ತೋರಿಸಿದ ಮೆಟ್ಟಿಲಿಗೆ ನಾವಿಬ್ಬರೂ ಇಳಿದೆವು. ನಾನು ಕೊನೆಯ ಮೆಟ್ಟಿಲಲ್ಲಿ ನಿಂತೆ. ಇವಳು ಬಟ್ಟೆ ಬಿಚ್ಚಿ, ಮೊರಕ್ಕೆ ಅರಿಶಿನ ಹಚ್ಚಿ, ನನ್ನ ಕೈಗೆ ಕೊಟ್ಟಳು. ಕೊಟ್ಟು ಹಿಂದಕ್ಕೆ ಹೋದಳು. ತಿರುಗಿ ನೋಡಿದರೆ ನಾಲ್ಕಾರು ಮೆಟ್ಟಿಲು ಮೇಲೆ, ಅವತ್ತು ಏರಿಯ ಮೇಲೆ ನಿಂತಿದ್ದಳಲ್ಲ ಹಾಗೇ, ಸೆರಗು ಹೊದ್ದು ನಿಂತಿದ್ದಾಳೆ.

ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ಹಿಂದೆ ನಿಲ್ಲು ಎಂದವರು ಯಾರು? ಗುರುತಿನವರು ಒಬ್ಬರಿಲ್ಲ, ನಮ್ಮ ಮಾತು ತಿಳಿದವರೂ ಇಲ್ಲ. ಇಷ್ಟು ದೂರ ನನ್ನ ಕತ್ತು ಮುರಿಸಿ, ಬಿಸಿಲಲ್ಲಿ ಸುಡಿಸಿ, ಕೋತಿಯ ಹತ್ತಿರ ಬೈದಾಡಿ, ಸಮುದ್ರ ತುಂಬುವ ತನಕ ಕಾಯಿಸಿ, ಈಗ ಹೋಗಿ ಹಿಂದೆ ನಿಲ್ಲುತ್ತಾಳಂತೆ!

"ನನ್ನ ಕೈಲಾಗಲ್ಲ" ಎಂದೆ. "ಮಂಡಿ ಹಿಡ್ಕಂಡೈತೆ, ಬಗ್ಗಕಾಗಲ್ಲ. ಬಿಡದಾದ್ರೆ ನೀನೇ ಬಂದು ಬಿಡು. ಇಲ್ಲಾಂದ್ರೆ ಹಂಗೇ ತಗಂಡು ಹೋಗಾಣ."

"ನಾನಾ?"

"ಮತ್ಯಾರು, ಕೋತಿನಾ?"

"ನಾನು ಬಿಡಬೋದೇನೇ?"

"ನನ್ನ ಯಾಕೆ ಕೇಳ್ತೀಯ? ಇಸ್ಕಳೋದು ಆಯಮ್ಮ, ಆಯಮ್ಮನ್ನೇ ಕೇಳು."

ಬಂದಳು. ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮೊರ ಇಸ್ಕೊಂಡಳು. ಅವಳ ಕೈಯಲ್ಲಿ ಬಳೆಗಳು ಸದ್ದು ಮಾಡಿದವು, ಅವಳವಲ್ಲ, ಮೊರದೊಳಗಿನವು. ನೀರಿನಲ್ಲಿ ಕಾಲಿಟ್ಟು ಕುಂತು ಮೊರ ಬಿಟ್ಟಳು. ಅದು ಅಲೆಯ ಜೊತೆ ಹೋಗಿ ಅಲೆಯ ಜೊತೆಗೇ ವಾಪಸ್ಸು ಬಂದು ಅವಳ ಮೊಣಕಾಲಿಗೆ ಬಡಿಯಿತು. ಮತ್ತೆ ತಳ್ಳಿದಳು, ಮತ್ತೆ ಬಂತು. ಅವಳ ಮುಖ ಕಪ್ಪಾಯಿತು. ಗಂಗಮ್ಮ ಬೇಡ ಅಂತಾಳೇನೋ ಎಂದು ನನ್ನ ಕಡೆ ನೋಡಿದಳು. ತಳ್ಳು, ಮನೆಗೆ ಬಂದ ಹೊಸ ಸೊಸೆ ನಾವು ಕೊಟ್ಟ ಕೂಡಲೇ ಇಸ್ಕೊಳ್ಳುತ್ತಾಳೇನು ಎಂದು ನಾನು ಗದರಿದೆ. ಅವಳು ಎರಡೂ ಕೈಯಲ್ಲಿ ತಳ್ಳಿ, ನಾನು ಯಾವತ್ತೂ ಕೇಳಿರದ ದನಿಯಲ್ಲಿ, "ಇಸ್ಕಳವ್ವ" ಎಂದಳು.

ಈ ಸಲ ಹೋಯಿತು.

ದೋಣಿಯಲ್ಲಿ ಇವಳು ಒದ್ದೆ ಸೀರೆಯಲ್ಲೇ ಕುಂತು ಹಿಂದೆ ಹಿಂದೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ, "ಅಷ್ಟು ಮೆಟ್ಲು ಮೊರ ಹೊತ್ಕಂಡು ಹತ್ತಿದಾಗ ನಿನ್ನ ಮಂಡಿ ಎಲ್ಲಿಗೆ ಹೋಗಿತ್ತು?" ಎಂದು ಕೇಳಿದಳು.

ನಾನು ಮಡಿಲಲ್ಲಿದ್ದ ಉಪ್ಪಿನ ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿದೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಮಗಳನ್ನು ಎಬ್ಬಿಸಿಕೊಂಡು ಪೇಟೆಗೆ ಹೋಗಿ ಬಿದಿರಿನ ಮೊರ ಕೊಂಡೆ. ನಾಲ್ಕು. ಒಂದು ಬಾಗಿನಕ್ಕೆ ಎರಡು ಮೊರ ಸಾಕಲ್ಲವ್ವ, ಬಸ್ಸಿನಲ್ಲಿ ಇಷ್ಟನ್ನೆಲ್ಲ ಎಲ್ಲಿಡುತ್ತೀಯ ಎಂದು ಮಗಳು ರೇಗಿದಳು. ನಮ್ಮೂರ ಕೆರೆ ಇನ್ನೊಂದು ಸಲ ತುಂಬಿದರೆ ಇಳಿಯುವವರು ಇಬ್ಬರು, ಎಣಿಸಿಕೋ ಎಂದೆ.