ನಾನು ಉದ್ರಿಗೆ ಯೋಗ್ಯನಾದದ್ದು

ಸಾಲವಿಲ್ಲದೆ ಬದುಕಿದವನಿಗೆ ಒಂದು ಅಹಂಕಾರ ಇರುತ್ತದೆ. ನನಗಂತೂ ಇತ್ತು. ಬನಹಟ್ಟಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದಷ್ಟು ಕಾಲವೂ ಪಗಾರವಾದ ದಿನವೇ ಹಾಲು, ಕರೆಂಟು ಎಲ್ಲವನ್ನೂ ಚುಕ್ತಾ ಮಾಡಿ, ಆಮೇಲೆಯೇ ಊಟಕ್ಕೆ ಕೂಡುತ್ತಿದ್ದೆ. ಕಿರಾಣಿಗಂತೂ ಉದ್ರಿಯ ಮಾತೇ ಇಲ್ಲ, ರೊಕ್ಕ ಕೊಟ್ಟೇ ತರುವುದು.

ಈ ನೇಮ ಹಿಡಿಸದಿದ್ದದ್ದು ನಮ್ಮ ಓಣಿಯ ಕಿರಾಣಿ ಅಂಗಡಿಯ ಈರಪ್ಪನವರಿಗೆ. ಉದ್ರಿ ಕೊಡುವುದರಲ್ಲಿ ಅವರದೇ ಒಂದು ಪದ್ಧತಿ. ಗಲ್ಲಾಪೆಟ್ಟಿಗೆಯ ಹಿಂದೆ ಕಣ್ಣು ಮುಚ್ಚಿ ಕೂತು ಓಣಿಯ ಮಗ್ಗಗಳ ಸಪ್ಪಳ ಕೇಳುವರು. ಯಾರ ಮನೆಯ ಮಗ್ಗ ನಡೆದಿದೆಯೋ ಅವರಿಗೆ ಗೋಡಂಬಿಯವರೆಗೂ ಉದ್ರಿ. ಸಪ್ಪಳ ನಿಂತ ಮನೆಗೆ ಗೋಡಂಬಿ ಬಂದ್. ಆದರೆ ಜೋಳ, ಎಣ್ಣೆ, ಚಹಾಪುಡಿಗೆ ಎಂದೂ ಇಲ್ಲವೆನ್ನಲಿಲ್ಲ. ಬಡ್ಡಿಯನ್ನು ದನಿಯಲ್ಲಿ ವಸೂಲು ಮಾಡುವರು. ಸ್ವಲ್ಪ ತಡವಾದರೆ "ಆರಾಮ ಅದೀರಿ?" ಎಂದು ಮೆಲ್ಲಗೆ, ಬಹಳ ತಡವಾದರೆ ಅದೇ ಮಾತು ಬಸ್ ಸ್ಟ್ಯಾಂಡಿನವರೆಗೆ ಕೇಳುವಂತೆ. ನನ್ನನ್ನು ಕಂಡರೆ ಮಾತ್ರ ಮುಖ ಸಣ್ಣದಾಗುತ್ತಿತ್ತು. "ಮಾಸ್ತರ್ರ, ಒಮ್ಮೆರ ಉದ್ರಿ ಒಯ್ರಲಾ. ರೊಕ್ಕಾ ಕೊಟ್ಟು ಒಯ್ಯಾವ್ರು ಸಂತ್ಯಾಗೂ ಸಿಗತಾರ. ನೀವು ನಮ್ಮವ್ರು ಅಂತ ನಾ ಹ್ಯಾಂಗ ತಿಳೀಲಿ?" ನಾನು ನಕ್ಕು ಚಿಲ್ಲರೆ ಎಣಿಸಿ ಇಡುತ್ತಿದ್ದೆ. ಈಗ ಅವರಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಅಲ್ಲಿ ಯಾರೂ ಯಾರನ್ನೂ ಆರಾಮ ಅದೀರಾ ಎಂದು ಕೇಳುವುದಿಲ್ಲ.

ನಿವೃತ್ತನಾದ ಮೇಲೆ ಪಕ್ಕದ ಮನೆಯ ನೇಕಾರ ಮಲ್ಲಪ್ಪ ಕ್ರೆಡಿಟ್ ಕಾರ್ಡ್ ತಂದು ತೋರಿಸಿದ. ಮಿತಿ ಲಕ್ಷದ ಮೇಲೆ. ಮಗ್ಗಕ್ಕೆ ಸಾಲ, ಮೋಟಾರಿಗೆ ಸಾಲ, ಮಗಳ ಮದುವೆಗೆ ಸಾಲ ಮಾಡಿದ ಮನುಷ್ಯ! ನಾನೂ ಜಮಖಂಡಿಯ ಬ್ಯಾಂಕಿಗೆ ಅರ್ಜಿ ಹಾಕಿದೆ. ನನಗೆ ಬಂದ ಮಿತಿ ನೋಡಿ ಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದರಾಗ ನನ್ನ ಮಗ್ಗದ್ದೊಂದು ಮೋಟಾರೂ ಬರಂಗಿಲ್ಲಲ್ರೀ ಮಾಸ್ತರ್ರ!"

ಅಂದೇ ತೀರ್ಮಾನಿಸಿದೆ. ಇವನಷ್ಟಾದರೂ ನಂಬಿಕೆಯನ್ನು ಆ ಬ್ಯಾಂಕಿನಿಂದ ಗಳಿಸದೆ ಬಿಡಬಾರದು.

ಬ್ಯಾಂಕಿನ ಹುಡುಗಿ ಸಮಾಧಾನದಿಂದ ಬಿಡಿಸಿ ಹೇಳಿದಳು. "ಸರ್, ಗಳಿಕೆ ಎಷ್ಟು, ಹಿಂದ ಮಾಡಿದ ಸಾಲ ಹ್ಯಾಂಗ ತೀರಿಸ್ಯಾರ ಅಂತ ನೋಡಿ ಕಂಪ್ಯೂಟರ್ ಮಿತಿ ಹಾಕತೈತ್ರಿ. ನೀವು ಸಾಲಾನ ಮಾಡಿಲ್ಲ. ತೀರಸ್ತೀರೋ ಇಲ್ಲೋ ಅದಕ್ಕೇನ ಗೊತ್ರಿ?"

"ಮಲ್ಲಪ್ಪನ ಮೈತುಂಬ ಸಾಲ ಐತಲ್ಲ, ತಂಗಿ?"

"ಅದಕ್ಕ ಕಂಪ್ಯೂಟರಿಗೆ ಅವ್ರ ಗುರ್ತು ಛಲೋ ಐತ್ರಿ."

ಕಾರ್ಡಿನಿಂದ ಮಿಕ್ಸರ್ ಕೊಂಡೆ. ಅಂದೇ ಮಧ್ಯಾಹ್ನ ಬಸ್ ಹಿಡಿದು ರೊಕ್ಕ ಕಟ್ಟಲು ಹೋದೆ. "ಬಿಲ್ ಬರೂತನಕ ತಡೀರಿ ಸರ್, ಸಾಲ ಸ್ವಲ್ಪ ದಿನ ಮೈಮ್ಯಾಲ ಇರಲಿ" ಎಂದು ಅವಳು ತಿರುಗಿ ಕಳಿಸಿದಳು. ಬಿಲ್ ಬರುವವರೆಗೆ ನನಗೆ ರೊಟ್ಟಿ ಇಳಿಯಲಿಲ್ಲ. ಬಂದ ಬಿಲ್ಲಿನಲ್ಲಿ ಎರಡು ಮೊತ್ತ: ಒಟ್ಟು ಬಾಕಿ ಒಂದು, ಕನಿಷ್ಠ ಕಟ್ಟಬೇಕಾದದ್ದು ಇನ್ನೊಂದು. ಕಟ್ಟಬೇಕಾದದ್ದು ಎಂದು ಅವರೇ ಬರೆದ ಮೇಲೆ ಶಿಸ್ತಿನ ಮನುಷ್ಯ ಹೆಚ್ಚು ಕಟ್ಟುವುದೂ ತಪ್ಪು, ಕಡಿಮೆ ಕಟ್ಟುವುದೂ ತಪ್ಪು. ಪ್ರತಿ ತಿಂಗಳು ಗಡುವಿಗೆ ಮುಂಚೆ, ಅಷ್ಟನ್ನೇ, ಪೈಸೆ ಬಿಡದೆ ಕಟ್ಟಿದೆ. ಬಾಕಿ ಮಾತ್ರ ಎಮ್ಮೆಯಂತೆ ಕೂತಲ್ಲೇ ಕೂತಿತು. ಕಡೆಗೊಮ್ಮೆ ಕನ್ನಡಕ ಏರಿಸಿ ಸಣ್ಣಕ್ಷರ ಓದಿದೆ. ತಿಂಗಳಿಗೆ ನೂರಕ್ಕೆ ಮೂರರ ಸುಮಾರು ಬಡ್ಡಿ, ಆ ಬಡ್ಡಿಗೂ ಬಡ್ಡಿ. ಚಕ್ರಬಡ್ಡಿಯ ಲೆಕ್ಕ ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು.

ಎಲ್ಲವನ್ನೂ ಒಮ್ಮೆಲೇ ತೀರಿಸಿ ಬಂದ ವಾರದಲ್ಲೇ ಫೋನು ಬಂತು. ನಾನು ಅವರ ಅಮೂಲ್ಯ ಗ್ರಾಹಕನಂತೆ. ನನ್ನ ನಡವಳಿಕೆ ಮೆಚ್ಚಿ ಮಿತಿಯನ್ನು ಮಲ್ಲಪ್ಪನದಕ್ಕಿಂತ ಮೇಲೆ ಏರಿಸಿದ್ದಾರಂತೆ.

ಬಡ್ಡಿ ಕಟ್ಟಿದ ಸಂಗತಿಯನ್ನು ನಮ್ಮಾಕೆಗೆ ಇಂದಿಗೂ ಹೇಳಿಲ್ಲ. ಮಿತಿ ಏರಿದ್ದನ್ನು ಮಾತ್ರ ಬಡಿಸಿದ ತಾಟು ಬಿಟ್ಟೆದ್ದು ಹೋಗಿ ಮಲ್ಲಪ್ಪನಿಗೆ ಹೇಳಿಬಂದೆ. ಅವನು ಸರಿಯಾಗಿ ಕೇಳಿಸಿಕೊಂಡನೋ ಇಲ್ಲವೋ ಎಂದು, ಎರಡು ಸಲ.