ಕಾಕಾನ ಕೈಯಲ್ಲಿ ಪರದೇಶದ ಸ್ಟೇರಿಂಗು

ನಮ್ಮ ಕಾಕಾನನ್ನು ಪರದೇಶಕ್ಕೆ ಕರೆದುಕೊಂಡು ಹೋಗಿ ಮರ್ಯಾದೆಯಿಂದ ತಿರುಗಿ ಬಂದವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಕರೆದುಕೊಂಡು ಹೋದವಳು ನಾನೊಬ್ಬಳೇ ಆದ್ದರಿಂದ ಈ ಮಾತನ್ನು ಖಾತ್ರಿಯಾಗಿ ಹೇಳಬಲ್ಲೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಮೂವತ್ತು ವರ್ಷಕ್ಕೂ ಮೇಲೆ ಗಜೇಂದ್ರಗಡ, ರೋಣ, ನರಗುಂದದ ದಾರಿಯಲ್ಲಿ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ನಿವೃತ್ತನಾದದ್ದು ಕಾಗದದ ಮೇಲೆ ಮಾತ್ರ. ಊಟಕ್ಕೆ ಕೂತರೂ ಅವನ ಎಡಗೈ ಗೇರು ಹುಡುಕುತ್ತದೆ. ಮದುವೆಗೆ ಕರೆಯಲು ಬಂದವರನ್ನು ಮುಹೂರ್ತ ಯಾವಾಗ ಅಂತ ಕೇಳುವುದಿಲ್ಲ, "ಗಾಡಿ ಎಷ್ಟಕ್ಕ ಬಿಡತೈತಿ" ಅನ್ನುತ್ತಾನೆ. ಕಿಲೋಮೀಟರಿನ ಮೇಲೆ ಅವನಿಗೆ ನಂಬಿಕೆ ಇಲ್ಲ. ಬೆಂಗಳೂರು ಎಷ್ಟು ದೂರ ಅಂತ ಕೇಳಿ ನೋಡಿ. "ರೋಣದಿಂದ ನರಗುಂದಕ್ಕ ಆರೇಳು ಸರ್ತಿ ಹೋಗಿ ಬಂದ್ರ ಆತು" ಅನ್ನುತ್ತಾನೆ.

ಇಂಥವನನ್ನು ನ್ಯೂಜಿಲೆಂಡಿಗೆ ಕರೆದೊಯ್ಯುವ ದುರ್ಬುದ್ಧಿ ಯಾಕೆ ಬಂತು ಅಂತೀರಾ? ನಮ್ಮ ಮನೆಯವರಿಂದ. ಅವರದು ನರಗುಂದದಲ್ಲಿ ಸೀರೆ ಅಂಗಡಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಕ್ಯಾಂಪರ್ ವ್ಯಾನಿನ ವಿಡಿಯೋ ನೋಡುವುದು ಅವರಿಗೆ ಚಟವಾಗಿಬಿಟ್ಟಿತ್ತು. ಒಂದೇ ಗಾಡಿಯಲ್ಲಿ ಹಾಸಿಗೆ, ಒಲೆ, ಸಂಡಾಸು ಎಲ್ಲ ಇರುತ್ತದೆ, ಕೆರೆ ದಂಡೆಗೆ ನಿಲ್ಲಿಸಿದರೆ ಅದೇ ಮನೆ. ನಾಲ್ಕು ವರ್ಷ ಕೂಡಿಟ್ಟು ಹನ್ನೆರಡು ದಿನದ ಪ್ರವಾಸ ಗೊತ್ತು ಮಾಡಿದೆವು. ಆಮೇಲೆ ನೆನಪಾಯಿತು, ಆ ಗಾಡಿ ನಡೆಸುವವರು ಯಾರು? ನಮ್ಮ ಮನೆಯವರು ಸಣ್ಣ ಕಾರನ್ನೇ ನಮ್ಮ ಕಂಪೌಂಡಿನ ಗೋಡೆಗೆ ಮೂರು ಸಲ ಉಜ್ಜಿದವರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು, ಸ್ಕೂಟಿಯ ಆಚೆ ನನ್ನ ವಿದ್ಯೆ ಇಲ್ಲ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುತ್ತಾರಂತೆ ಅಂತ ತಿಳಿದ ದಿನ ಕಾಕಾನ ಹೆಸರು ಬಂತು. ಪರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ಟು ಕೈಗೆ ಬಂದ ಮೇಲೆ ಅವನು ರೋಣದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ: "ನ್ಯೂಜಿಲೆಂಡ್ ರೂಟಿಗೆ ಹಾಕ್ಯಾರ."

ನನ್ನ ನಾಚಿಕೆ ವಿಮಾನ ಇಳಿದ ಅರ್ಧ ತಾಸಿನಲ್ಲೇ ಶುರುವಾಯಿತು. ಆ ದೇಶದವರು ಹೊರಗಿನ ಹಣ್ಣು ತರಕಾರಿ ಒಳಗೆ ಬಿಡುವುದಿಲ್ಲ, ಮೂಸಿ ನೋಡಲು ನಾಯಿ ಸಾಕಿದ್ದಾರೆ. ಆ ನಾಯಿ ಕಾಕಾನ ಚೀಲದ ಪಕ್ಕ ಬಂದು ಕೂತುಬಿಟ್ಟಿತು. ಅದು ಕೂತರೆ ಚೀಲದಲ್ಲಿ ಏನೋ ಇದೆ ಅಂತ ಅರ್ಥ. ಕಾಕಾ ತಿಳಿದುಕೊಂಡ ಅರ್ಥ ಬೇರೆ. "ಹಸದೈತಿ ಪಾಪ" ಅನ್ನುತ್ತ ಒಣಗಿದ ಜೋಳದ ಕಟಕ ರೊಟ್ಟಿ ಮುರಿದು ಅದರ ಮುಂದೆ ಹಿಡಿದ. ಅಧಿಕಾರಿಣಿ ಓಡಿ ಬಂದಳು. ರೊಟ್ಟಿಯನ್ನು ಬೆರಳಿನಿಂದ ತಟ್ಟಿದಳು, ಟಣ್ ಅಂದಿತು. ತಿನ್ನುವ ಪದಾರ್ಥ ಅಂತ ಅವಳನ್ನು ನಂಬಿಸಲು ನಾನೇ ಒಂದು ಚೂರು ಕಡಿದು ತೋರಿಸಬೇಕಾಯಿತು. ರೊಟ್ಟಿ, ಶೇಂಗಾ ಹಿಂಡಿ ಪಾಸಾದವು. ತಳದಿಂದ ನಾಲ್ಕು ನಿಂಬೆಹಣ್ಣು ಹೊರಬಂದವು. ಅವುಗಳ ಸುದ್ದಿ ನನಗೂ ಗೊತ್ತಿರಲಿಲ್ಲ.

"ಗಾಡಿ ಪೂಜಾಕ್ರೀ, ಅಕ್ಕಾರ" ಅಂದ ಕಾಕಾ, ಅವಳಿಗೇ ಕನ್ನಡದಲ್ಲಿ.

ಅವಳು ನನ್ನ ಮುಖ ನೋಡಿದಳು. ಹದಿನೆಂಟು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವ ನನಗೆ ಆ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಲು ಬಾಯಿ ಬರಲಿಲ್ಲ. "ಅಜೀರ್ಣಕ್ಕೆ" ಅಂದೆ. ಮೊದಲ ಸುಳ್ಳು ಅದು.

ಎರಡನೆಯದು ಗಾಡಿ ಬಾಡಿಗೆಗೆ ಕೊಡುವ ಅಂಗಳದಲ್ಲಿ. ಮೊದಲಿನವು ವಿಮಾನ ನಿಲ್ದಾಣದಲ್ಲೇ ಜಪ್ತಿಯಾಗಿದ್ದರಿಂದ ಕಾಕಾ ಅಲ್ಲೇ ಅಂಗಡಿಯಲ್ಲಿ ಬೇರೆ ನಿಂಬೆಹಣ್ಣು ಕೊಂಡು ನಾಲ್ಕೂ ಗಾಲಿಗೆ ಇಟ್ಟ, ಕೈ ಮುಗಿದ, ಚಪ್ಪಲಿ ಬಿಟ್ಟು ಗಾಡಿ ಏರಿ ಪಚಕ್ಕಂತ ಹಾಯಿಸಿದ. ಕೀಲಿ ಕೊಟ್ಟವನು ಇದೇನು ಅಂತ ಕೇಳಿದ. ಟೈರಿನ ಹಿಡಿತ ಪರೀಕ್ಷೆ ಮಾಡುವ ಭಾರತದ ಪದ್ಧತಿ ಅಂದೆ. ಅವನು ಗಂಭೀರವಾಗಿ ತಲೆದೂಗಿ, ಬಗ್ಗಿ ನಾಲ್ಕೂ ಟೈರು ನೋಡಿದ. ಈಗಲೂ ಆ ಅಂಗಳದಲ್ಲಿ ನಿಂಬೆಹಣ್ಣು ಇಡುತ್ತಿದ್ದರೆ ಅದರ ಪಾಪ ನನ್ನದು.

ಗಾಡಿ ಓಡಿಸುವುದರಲ್ಲಿ ಮಾತ್ರ ಅವನ ಕಡೆ ಬೊಟ್ಟು ಮಾಡುವ ಹಾಗಿರಲಿಲ್ಲ. ಎದುರಿಗೆ ಬಂದ ಗಾಡಿಗೆಲ್ಲ, ನಮ್ಮ ಬಸ್ಸಿನವರು ಒಬ್ಬರಿಗೊಬ್ಬರು ಮಾಡುವ ಹಾಗೆ, ಸ್ಟೇರಿಂಗಿನ ಮೇಲಿಂದ ಕೈ ಎತ್ತುತ್ತಿದ್ದ. ಬ್ಯಾಡ ಕಾಕಾ, ನಗತಾರ ಅಂದೆ. ಆದರೆ ಆ ದೇಶದಲ್ಲಿ ಕ್ಯಾಂಪರ್ ವ್ಯಾನಿನವರಿಗೂ ಅದೇ ರೂಢಿಯಂತೆ, ಅವರೂ ಕೈ ಎತ್ತಿದರು. "ನೋಡು, ಎಲ್ಲಾ ಡಿಪೋದವ್ರೂ ನನ್ನ ಗುರ್ತ ಹಿಡೀತಾರ" ಅಂದ. ಹಿಮದ ಪರ್ವತಗಳ ಮುಂದೆ ನಾನೂ ನಮ್ಮ ಮನೆಯವರೂ ಬಾಯಿ ತೆರೆದು ಕೂತಿದ್ದಾಗ ಅವನು ಕಣ್ಣು ಕಿರಿದು ಮಾಡಿ ನೋಡಿ, "ನಮ್ಮ ಗಜೇಂದ್ರಗಡದ ಗುಡ್ಡಕ್ಕ ಸುಣ್ಣಾ ಹೊಡದಂಗೈತಿ" ಅಂದು ಗೇರು ಬದಲಿಸಿದ.

ಕಷ್ಟ ಬಂದದ್ದು ಗಾಡಿಯೊಳಗಿನ ಸಂಡಾಸಿನಿಂದ. "ಅನ್ನಾ ಬೇಯಿಸೂ ಜಾಗಾದಿಂದ ಎರಡ ಮಾರಿನ್ಯಾಗ ಇದೇನವಾ? ಮಂದಿಗೆ ಹೇಸಿಕಿ ಅನ್ನೂದು ಬ್ಯಾಡೇನು?" ಅಂದವನೇ ಅದರ ಬಾಗಿಲಿಗೆ ಟವೆಲ್ಲಿನಿಂದ ಗಂಟು ಹಾಕಿದ. ಹಾಗಾಗಿ ಊರೂರಿನ ಸಾರ್ವಜನಿಕ ಶೌಚಾಲಯದ ಮುಂದೆ ಗಾಡಿ ನಿಲ್ಲತೊಡಗಿತು. ನಿಂತ ಕೂಡಲೇ ಕಿಟಕಿಯಿಂದ ಕೂಗು: "ಹತ್ತ ಮಿನಿಟ್ ರೀ, ಹತ್ತ ಮಿನಿಟ್." ಒಂದು ಕಡೆ, ಎಲೆ ಬಿದ್ದರೂ ಕೇಳಿಸುವಂಥ ಕೆರೆ ದಂಡೆ. ನಾಲ್ಕೈದು ದೇಶದ ಜನ ಸದ್ದಿಲ್ಲದೆ ನೀರು ನೋಡುತ್ತ ಕೂತಿದ್ದರು. ನನಗೆ ಹತ್ತು ನಿಮಿಷದ ಮೇಲೆ ಎರಡು ನಿಮಿಷವಾಯಿತು. ಕಾಕಾ ಹಾರ್ನ್ ಬಾರಿಸಿದ. ಒಂದಲ್ಲ, ರೋಣದ ಬಸ್‌ಸ್ಟ್ಯಾಂಡಿನಲ್ಲಿ ಬಾರಿಸುವ ಹಾಗೆ ಉದ್ದಕ್ಕೆ ಮೂರು. ನಾಲ್ಕೈದು ದೇಶದ ಜನ ಒಟ್ಟಿಗೆ ತಿರುಗಿ, ಕೈ ಒರೆಸಿಕೊಳ್ಳುತ್ತ ಓಡಿ ಬರುತ್ತಿದ್ದ ನನ್ನನ್ನು ನೋಡಿದರು.

ಅದೇ ದಿನ ಸಂಜೆ ಕ್ಯಾಂಪಿನ ಜಾಗದಲ್ಲಿ ಅವನು ಗಾಡಿಯ ಕನ್ನಡಿಯಿಂದ ಒಂದು ಕಂಬಕ್ಕೆ ಹಗ್ಗ ಕಟ್ಟಿ ಧೋತರ ಒಣಹಾಕಿದ. ಅದರ ಹಿಂದೆ ಪರ್ವತ, ಕೆರೆ ಇದ್ದವು ಅಂತ ನೆನಪು. ನನ್ನ ತಾಳ್ಮೆ ಮುಗಿಯುತ್ತ ಬಂದಿತ್ತು. ಪಕ್ಕದಲ್ಲಿ ನಮ್ಮದಕ್ಕಿಂತ ದೊಡ್ಡ ಗಾಡಿಯೊಂದು ಬಂದು ನಿಂತಿತು. ಇಳಿದವರು ಬೆಂಗಳೂರಿನ ಗಂಡ ಹೆಂಡತಿ. ಆಕೆಯ ಕಪ್ಪು ಕನ್ನಡಕ, ಬೂಟು, ನಡಿಗೆ ಎಲ್ಲ ನಮ್ಮವರ ಮೊಬೈಲಿನ ವಿಡಿಯೋದಲ್ಲಿದ್ದವರ ಹಾಗೇ ಇತ್ತು.

"ಅರೆ, ನೀವು ಕನ್ನಡದವ್ರಾ?" ಅಂತ ಆಕೆ ಮಾತಿಗೆ ಬಂದಳು. ಮಾತಾಡುತ್ತ ಅವಳ ಕಣ್ಣು ನನ್ನ ಹೆಗಲಾಚೆ ಹೋಯಿತು. ಅಲ್ಲಿ ಕಾಕಾ ಬನಿಯನ್ನಿನಲ್ಲಿ, ಲುಂಗಿ ಮೇಲಕ್ಕೆ ಕಟ್ಟಿ, ಕೋಲಿನಿಂದ ಟೈರು ಬಡಿದು ಗಾಳಿ ನೋಡುತ್ತಿದ್ದ.

"ಅವ್ರು ಯಾರು? ನಿಮ್ಮ ಜೊತೆನಾ?"

ನಾನು ಅರ್ಧ ಹೊರಳಿ ಅವನ ಕಡೆ ಕೈ ತೋರಿಸಿದೆ, ಒಂದು ಗಳಿಗೆಯೂ ತಡೆಯಲಿಲ್ಲ. "ನಮ್ಮ ಡ್ರೈವರ್" ಅಂದೆ.

"ಡ್ರೈವರ್‌ನ ಅಲ್ಲಿಂದಾನೇ ಕರ್ಕೊಂಡ್ ಬಂದಿದೀರಾ?" ಆಕೆಯ ದನಿಯಲ್ಲಿ ನನ್ನ ಬಗ್ಗೆ ದೊಡ್ಡ ಗೌರವ ಹುಟ್ಟಿತು. ಸುಳ್ಳು ಯಾಕೆ ಹೇಳಲಿ, ಆ ಗೌರವ ನನಗೆ ಹಿತವಾಯಿತು. ಹಿಂದೆ ಟೈರು ಬಡಿಯುವ ಸದ್ದು ನಿಂತಿತು. ಸ್ವಲ್ಪ ತಡೆದು ಮತ್ತೆ ಶುರುವಾಯಿತು.

ಚಹಾ ಆದಾಗ ಕಾಕಾ ತನ್ನ ಕಪ್ಪು ತೆಗೆದುಕೊಂಡು ಹೊರಗೆ ಹೋಗಿ ದೂರ ಕೂತ. ಕುಡಿದು ಬಂದು, ಬಾಗಿಲ ಹೊರಗೇ ನಿಂತು ಕೇಳಿದ: "ಮೇಡಮ್ಮಾರ, ನಾಳಿ ಎಷ್ಟಕ್ಕ ಬಿಡೂದ್ರೀ?"

ನಾನು ನಕ್ಕೆ. ಅವನು ನಗಲಿಲ್ಲ.

ಮರುದಿನ ಪ್ಯಾಂಟು, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. ನನಗೆ ಬಾಗಿಲು ತೆರೆದ. ಎರಡು ದಿನ ಹಾರ್ನ್ ಇಲ್ಲ, ಹತ್ತು ಮಿನಿಟಿನ ಕೂಗಿಲ್ಲ, ಎದುರು ಗಾಡಿಗೆ ಕೈ ಎತ್ತಲಿಲ್ಲ. ಎಷ್ಟು ದೂರ ಅಂತ ಕೇಳಿದರೆ ಬೋರ್ಡು ನೋಡಿ ಕಿಲೋಮೀಟರಿನಲ್ಲಿ ಹೇಳಿದ. "ಮೇಡಮ್ಮಾರ, ಎ.ಸಿ. ಕಡಿಮಿ ಮಾಡ್ಲೇನ್ರೀ?" ಇದು ಚೇಷ್ಟೆಯೋ, ಸಿಟ್ಟೋ, ನೋವೋ? ಹಿಂದೆ ಕೂತು ಅವನ ಕತ್ತು ನೋಡುತ್ತ ಯೋಚಿಸಿದೆ. ನನಗೆ ಬೇಕಾಗಿದ್ದ ಮರ್ಯಾದೆಯ ಪ್ರವಾಸ ಕೊನೆಗೂ ನಡೆಯುತ್ತಿತ್ತು. ಶೌಚಾಲಯಕ್ಕೆ ಹೋದರೆ ನಾನು ಹಾರ್ನಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ.

"ಹೋಗಿ ತಪ್ಪಾತು ಅನ್ನು" ಅಂದರು ನಮ್ಮವರು.

"ಕೇಳ್ಯಾನೋ ಇಲ್ಲೋ ಗೊತ್ತಿಲ್ಲ. ಕೇಳಿಲ್ಲಂದ್ರ ನಾನ ಹೋಗಿ ಹೇಳಿದಂಗ ಆಗತೈತಿ" ಅಂದೆ. ಅವನು ಕೇಳಿದ್ದಾನೆ ಅಂತ ಇಬ್ಬರಿಗೂ ಗೊತ್ತಿತ್ತು.

ಮೂರನೆಯ ದಿನ ಹೊಳೆ ದಂಡೆಯ ಇನ್ನೊಂದು ಕ್ಯಾಂಪಿನಲ್ಲಿ ಅದೇ ಬೆಂಗಳೂರಿನವರು ಮತ್ತೆ ಸಿಕ್ಕರು. ಬೆಳಗಿನಿಂದ ಮಳೆ. ಅವರ ದೊಡ್ಡ ಗಾಡಿ ಹುಲ್ಲಿನ ಕೆಸರಿನಲ್ಲಿ ಹೂತುಹೋಗಿ, ಗಾಲಿ ಗಿರಗಿರ ತಿರುಗುತ್ತಿತ್ತು. ಗಂಡ ಎಕ್ಸಿಲೇಟರ್ ಒತ್ತಿದಷ್ಟೂ ಅದು ಒಳಗೆ ಹೋಗುತ್ತಿತ್ತು. ನಾವು ಏನಾದರೂ ಅನ್ನುವಷ್ಟರಲ್ಲಿ ಕಾಕಾ ಇಸ್ತ್ರಿ ಪ್ಯಾಂಟು ಮೊಣಕಾಲಿಗೆ ಮಡಚಿ ಕೆಸರಿಗೆ ಇಳಿದಿದ್ದ. ಕೈಯಿಂದಲೇ ಗಾಲಿಯ ಮುಂದಿನ ರಾಡಿ ತೆಗೆದ, ಹೊಳೆಯ ಕಲ್ಲು ತಂದು ತುಂಬಿದ, ನಮ್ಮ ಗಾಡಿಯ ಕಾಲೊರಸು ತಂದು ಹಾಸಿದ. "ರೇಸ್ ಕೊಡಬ್ಯಾಡ್ರಿ, ಸಾವಕಾಶ ಬಿಡ್ರಿ, ಹಾಂ, ಬಿಡ್ರಿ." ಗಾಡಿ ಎಮ್ಮೆಯ ಹಾಗೆ ಮೈ ಅಲುಗಿಸಿ ಮೇಲೆ ಬಂತು.

ಅವರು ನಮ್ಮನ್ನು ಕಾಫಿಗೆ ಕರೆದರು. ಕಾಕಾನನ್ನೂ ಒತ್ತಾಯ ಮಾಡಿ ಕರೆದರು. ಅವನು ಕೂರಲಿಲ್ಲ, ಕೈಗೆ ಹತ್ತಿದ ಕೆಸರು ಒರೆಸಿಕೊಳ್ಳುತ್ತ ನಿಂತ. ಆಕೆ ಅವನಿಗೆ ಕಪ್ಪು ಕೊಡುತ್ತ ಕೇಳಿದಳು: "ಇವ್ರ ಮನೇಲಿ ಎಷ್ಟು ವರ್ಷದಿಂದ ಇದೀರಾ?"

ಕಾಕಾ ನನ್ನ ಕಡೆ ನೋಡಲಿಲ್ಲ.

"ಇವ್ರು ಹುಟ್ಟಿದಾಗಿಂದ್ರೀ" ಅಂದ.

ಆ ಮಾತಿನಲ್ಲಿ ಕುಹಕ ಇದ್ದಿದ್ದರೆ ನಾನು ಬಚಾವಾಗುತ್ತಿದ್ದೆ. ಇರಲಿಲ್ಲ. ನಾನು ಕಪ್ಪು ಕೆಳಗಿಟ್ಟೆ.

"ಅವ್ರು ನಮ್ಮ ಡ್ರೈವರ್ ಅಲ್ಲ. ನಮ್ಮಪ್ಪನ ತಮ್ಮ, ನಮ್ಮ ಕಾಕಾ. ಅವತ್ತ ನಾ ನಿಮಗ ಸುಳ್ಳ ಹೇಳಿದೆ."

ಗಂಡ ಹೆಂಡತಿ ಇಬ್ಬರೂ ತಮ್ಮ ಕಪ್ಪಿನೊಳಗೆ ನೋಡತೊಡಗಿದರು. ನಮ್ಮ ಮನೆಯವರು ಹೊಳೆ ನೋಡಿದರು. ನನ್ನನ್ನು ಪಾರು ಮಾಡಲು ಬಂದವನು ಮತ್ತೆ ಅವನೇ. "ಡ್ರೈವರ್ ಅನ್ನೂದೂ ಖರೇನ ಐತ್ರೀ. ಮೂವತ್ತ ವರ್ಷ ಅದನ್ನ ಮಾಡೇನಿ" ಅಂದ.

ಅಷ್ಟಕ್ಕೆ ಬಿಡಲು ನನ್ನ ಕೈಲಾಗಲಿಲ್ಲ. ನಾನು ಹುಟ್ಟಿದ ದಿನದ ಸಂಗತಿ ಹೇಳಿದೆ. ನಮ್ಮ ಹಳ್ಳಿಯಿಂದ ರೋಣಕ್ಕೆ ಹೆರಿಗೆಗೆ ಹೊರಟ ಅವ್ವ ಹತ್ತಿದ್ದು ಕಾಕಾ ಓಡಿಸುತ್ತಿದ್ದ ಬಸ್ಸನ್ನೇ. ದಾರಿಯಲ್ಲಿ ನೋವು ಜೋರಾಯಿತು. ಕಾಕಾ ಮುಂದಿನ ಒಂದು ಸ್ಟಾಪಿಗೂ ಬಸ್ಸು ನಿಲ್ಲಿಸಲಿಲ್ಲ, ರೋಣಕ್ಕೆ ಬಂದವನು ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ, ಬಸ್ಸಿನ ತುಂಬ ಇದ್ದ ಮಂದಿಯ ಸಮೇತ ದವಾಖಾನಿಯ ಅಂಗಳಕ್ಕೇ ತಂದು ನಿಲ್ಲಿಸಿದ. ಒಳಗಿದ್ದ ಒಬ್ಬರೂ ತಕರಾರು ಮಾಡಲಿಲ್ಲ. ಸ್ಟಾಪಿನಲ್ಲಿ ನಿಂತು ಕೈ ಮಾಡಿದ್ದವರು ತಕರಾರು ಮಾಡಿದರು. ಕಾಕಾನಿಗೆ ಕಾರಣ ಕೇಳಿ ಮೆಮೊ ಬಂತು. ಇದನ್ನು ನನಗೆ ಹೇಳಿದವಳು ಅವ್ವ. ಅವನು ಒಮ್ಮೆಯೂ ಹೇಳಿಲ್ಲ.

ಆಕೆ ಕಣ್ಣೊರೆಸಿಕೊಂಡು, "ಮೆಮೊಗೆ ಏನು ಉತ್ತರ ಕೊಟ್ರಿ?" ಅಂತ ಕಾಕಾನನ್ನು ಕೇಳಿದಳು.

"ಉತ್ತರಾ ಬರಿಯಾಕ ಎಲ್ಲಿ ಪುರಸತ್ತು ಇತ್ರೀ? ಕೂಸಿನ್ನ ನೋಡೂದಿತ್ತು. ಎರಡ ದಿನ ಸೂಟಿ ಬೇಕಂತ ಅರ್ಜಿ ಬರದೆ."

ನಮ್ಮ ಗಾಡಿಯ ಕಡೆ ನಡೆದು ಬರುವಾಗ ಮಳೆ ನಿಂತಿತ್ತು. ನಮ್ಮವರು ಬೇಕಂತಲೇ ಹಿಂದೆ ಉಳಿದರು. "ಕಾಕಾ, ತಪ್ಪಾತು" ಅಂದೆ. ಅವನು ನಡೆಯುತ್ತಲೇ ಇದ್ದ.

"ಮೂರ ದಿನ ನನಗ ಮೇಡಂ ಅಂದಿಯಲ್ಲಾ, ಅಷ್ಟ ಸಿಟ್ಟ ಬಂದಿತ್ತೇನು?"

"ಸಿಟ್ಟ ಯಾಕವಾ? ಅವರು ಮತ್ತ ಎಲ್ಲಿ ಸಿಗತಾರೋ ಏನೋ, ಅವರ ಮುಂದ ನನ್ನ ಬಾಯಿ ಜಾರಿ ನಿನ್ನ ಹೆಸರ ಬಂದೀತಂತ ರೂಢಿ ಮಾಡಕೊಂಡೆ. ನೀ ಆಡಿದ ಮಾತ ಸುಳ್ಳಾಗಬಾರದಲ್ಲ."

ನಾನು ನಿಂತೆ. ಅವನೂ ನಿಂತ. ಕೈಗೆ ಒಣಗಿ ಹತ್ತಿದ್ದ ಕೆಸರನ್ನು ಉಗುರಿನಿಂದ ಕೆರೆಯುತ್ತ, ಬಹಳ ಮೆಲ್ಲಗೆ ಅಂದ:

"ಡ್ರೈವರ್ ಅಂದಿ ಅಂತ ಏನೂ ಅನಸಲಿಲ್ಲ. ಹಂಗ ಅನ್ನುವಾಗ ನಿನ್ನ ಮುಖಾ ಇಷ್ಟ ಸಣ್ಣದಾಗಿತ್ತವಾ. ಅದನ್ನ ನೋಡಾಕ ಆಗಲಿಲ್ಲ. ಅದಕ್ಕ ಟೈರಿನ ಕಡೆ ತಿರಿಗಿದೆ."